‘ಹೋಗಿ ಬರ್ತೀನಿ’ ಎಂದವಳ ವೀಸಾ ಪ್ರಕರಣ

ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಕುಳಿತು, ಜನರ ವಿವರಣೆಗಳನ್ನು ನಂಬದೇ ಇರುವ ಕೆಲಸವನ್ನು ನಾನು ನಿವೃತ್ತಿಯವರೆಗೂ ನಿಷ್ಠೆಯಿಂದ ಮಾಡಿದವನು. ಅದಕ್ಕೇ ಸಂಬಳ ಕೊಡುತ್ತಿದ್ದರು. ಅಂಗಡಿ ಸುಟ್ಟಿತು ಎಂದು ಒಬ್ಬ ಬರೆದರೆ, ಸುಟ್ಟದ್ದು ಅಂಗಡಿಯೋ ಖರ್ಚಾಗದ ಹಳೆಯ ದಾಸ್ತಾನೋ ಎಂದು ಕೇಳುವುದು. ಕಾಲು ಜಾರಿತು ಎಂದರೆ ಯಾವ ಕಾಲು ಎಂದು ಕೇಳುವುದು. ನಿವೃತ್ತನಾಗಿ ಚೆನ್ನೈಯ ವೆಸ್ಟ್ ಮಾಂಬಲಂನ ಎರಡನೇ ಮಹಡಿಯ ಮನೆಯಲ್ಲಿ ಕುಳಿತ ಮೇಲೆ ನಂಬದಿರಲು ಯಾರೂ ಸಿಗದೆ ಹೋದರು. ಹೆಂಡತಿಯನ್ನು ನಂಬದಿರುವ ಧೈರ್ಯ ಸರ್ವೀಸಿನಲ್ಲಿದ್ದಾಗಲೂ ನನಗೆ ಇರಲಿಲ್ಲ. ಹೀಗೆ ನನ್ನ ವಿದ್ಯೆ ತುಕ್ಕು ಹಿಡಿಯುತ್ತಿದ್ದ ಕಾಲದಲ್ಲಿ ಹೆಂಡತಿಯ ಅಕ್ಕನ ಮಗಳು ಒಂದು ಸೂಟ್‌ಕೇಸು, ಒಂದು ಪ್ರೆಷರ್ ಕುಕ್ಕರು ಹಿಡಿದುಕೊಂಡು ಮಲೇಶಿಯಾದಿಂದ ನಮ್ಮ ಮನೆಗೆ ಬಂದಿಳಿದಳು.

ಅವಳು ನರ್ಸು. ಮೈಸೂರು ಕಡೆಯವಳು, ಆಗಲೇ ನಲವತ್ತು ದಾಟಿತ್ತು. ನನ್ನನ್ನು ಚಿಕ್ಕಪ್ಪ ಎನ್ನುತ್ತಾಳೆ. ಕೋಪ ಬಂದಾಗಲೂ ಚಿಕ್ಕಪ್ಪನೇ, ಆಗ ‘ಪ್ಪ’ದ ಮೇಲೆ ಸ್ವಲ್ಪ ಭಾರ ಬೀಳುತ್ತದೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದ ಬಂಧುಗಳಿಗೆ ಅವರವರ ಮದುವೆಯನ್ನೇ ಉದಾಹರಣೆಯಾಗಿ ತೋರಿಸಿ ಬಾಯಿ ಮುಚ್ಚಿಸಿದ್ದಳು. ತರಬೇತಿಯ ಹಾಸ್ಟೆಲು, ಆಸ್ಪತ್ರೆಯ ಕ್ವಾರ್ಟರ್ಸು, ಯಾರದೋ ಮನೆಯ ಪೇಯಿಂಗ್ ಗೆಸ್ಟು, ರೋಗಿಯ ಮಂಚದ ಪಕ್ಕದ ಮಡಚುವ ಮಂಚ, ಹೀಗೆ ಬೇರೆಯವರ ಸೂರಿನಡಿಯಲ್ಲೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಅಡ್ಯಾರಿನ ಒಂದು ಆಸ್ಪತ್ರೆಯಲ್ಲಿ ಕಾಂಟ್ರ್ಯಾಕ್ಟಿನ ಮೇಲೆ ಕೆಲಸ ಹಿಡಿದು, ನಮ್ಮ ಮುಂದಿನ ಕೋಣೆಯಲ್ಲಿ ಇರತೊಡಗಿದಳು. ಕೆಲವು ತಿಂಗಳ ನಂತರ ಒಂದು ಸಂಜೆ ಆಸ್ಟ್ರೇಲಿಯಾದ ಮಾತು ತೆಗೆದಳು. ಅಲ್ಲಿನ ಒಳನಾಡಿನ ಯಾವುದೋ ಪಟ್ಟಣದಲ್ಲಿ ವೃದ್ಧರನ್ನು ನೋಡಿಕೊಳ್ಳುವ ನರ್ಸುಗಳು ಬೇಕಾಗಿದ್ದಾರಂತೆ. ಹೋದರೆ ಕಾಯಂ ನೆಲೆಸಬಹುದಂತೆ.

‘ಒಂದು ಊರಲ್ಲಾದ್ರೂ, ಎಷ್ಟು ದಿನ ಇರ್ತೀಯಾ ಅಂತ ಯಾರೂ ಕೇಳ್ದ ಹಂಗೆ ಇರ್ಬೇಕು ಚಿಕ್ಕಪ್ಪ.’

ನನಗೆ ಚುರುಕ್ಕೆಂದಿತು. ‘ನಾವೇನು ಕೇಳಿದ್ವಾ?’

‘ಇಲ್ಲಪ್ಪ. ಕೇಳ್ದೆ ಇರೋಕೆ ನೀವು ಪಡೋ ಕಷ್ಟ ಕಾಣುತ್ತಲ್ಲ.’

ಹೆಂಡತಿ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಅಂದಿನಿಂದ ಆ ಅರ್ಜಿಯ ಪ್ರಧಾನ ಸಲಹೆಗಾರನಾಗಿ ನಾನೇ ನನ್ನನ್ನು ನೇಮಿಸಿಕೊಂಡೆ. ಅರ್ಹತೆಗಳೆಲ್ಲ ಸರಿಯಿದ್ದವು. ತೊಡಕು ಎರಡು. ಒಂದು ವಯಸ್ಸು: ನಲವತ್ತೈದು ತುಂಬಿದವರ ಅರ್ಜಿಯನ್ನು ಅವರು ಮುಟ್ಟುವುದಿಲ್ಲ, ಇವಳಿಗೆ ಅದು ದೂರವಿರಲಿಲ್ಲ. ಇನ್ನೊಂದು ಮಲೇಶಿಯಾ.

ಮಲೇಶಿಯಾದ ವೃತ್ತಾಂತ ಇಷ್ಟು. ಹಾಸಿಗೆ ಹಿಡಿದಿದ್ದ ಒಬ್ಬ ತಮಿಳು ಮುದುಕಿಯನ್ನು ಮನೆಯಲ್ಲೇ ನೋಡಿಕೊಳ್ಳಲು ಏಜೆಂಟನೊಬ್ಬನ ಮೂಲಕ ಇವಳು ಅಲ್ಲಿಗೆ ಹೋಗಿದ್ದಳು. ಪರ್ಮಿಟ್ಟು ನವೀಕರಿಸುತ್ತೇನೆಂದು ಏಜೆಂಟ ಪಾಸ್‌ಪೋರ್ಟು ತೆಗೆದುಕೊಂಡು ಹೋದ. ಕೇಳಿದಾಗಲೆಲ್ಲ ‘ಪ್ರಾಸೆಸ್ಸಲ್ಲಿದೆ’ ಎಂದ. ಆ ಪದವನ್ನು ನಾನೂ ವೃತ್ತಿಜೀವನದುದ್ದಕ್ಕೂ ಬಳಸಿದ್ದೇನೆ; ಮೇಜಿನ ಖಾನೆಯಲ್ಲಿದೆ ಎಂದು ಅದರ ಅರ್ಥ. ಕೊನೆಗೆ ಜಗಳವಾಡಿ ಪಾಸ್‌ಪೋರ್ಟು ಕಸಿದುಕೊಂಡಾಗ ಪರ್ಮಿಟ್ಟಿನ ಅವಧಿ ಎಂದೋ ಮುಗಿದಿತ್ತು. ಅಂದೇ ಹೊರಟಿದ್ದರೆ ಅಷ್ಟಕ್ಕೇ ತೀರುತ್ತಿತ್ತು. ಆದರೆ ಮುದುಕಿಯ ಮಗ ಬೇರೆ ದೇಶದಲ್ಲಿದ್ದ. ಅವನು ಬಂದು ಇನ್ನೊಬ್ಬ ನರ್ಸನ್ನು ಗೊತ್ತು ಮಾಡುವ ತನಕ ಇವಳು ಅಲ್ಲಾಡಲಿಲ್ಲ.

‘ನಾನು ಹೊರಟ್ರೆ ಅಜ್ಜಿನ ಮಗ್ಗುಲಿಗೆ ತಿರುಗಿಸೋರು ಯಾರು?’

ವಲಸೆ ಕಾನೂನಿನಲ್ಲಿ ಮಗ್ಗುಲಿಗೆ ತಿರುಗಿಸುವುದಕ್ಕೆ ವಿನಾಯಿತಿ ಇಲ್ಲವೆಂದು ನಾನು ಗಾಂಭೀರ್ಯದಿಂದ ಸೂಚಿಸಿದೆ.

‘ಬೆನ್ನು ಹುಣ್ಣಿಗೆ ಕಾನೂನು ಗೊತ್ತಿಲ್ಲ ಚಿಕ್ಕಪ್ಪ,’ ಎಂದಳು.

ಹೊಸ ನರ್ಸು ಬಂದ ಮರುದಿನ ಇವಳು ತಾನಾಗಿ ವಲಸೆ ಕಚೇರಿಗೆ ಹೋಗಿ, ‘ನಾನು ಅವಧಿ ಮೀರಿ ಉಳಿದಿದ್ದೇನೆ, ಏನು ಮಾಡಬೇಕೋ ಮಾಡಿ’ ಎಂದು ನಿಂತಳು. ಅಡಗಿಕೊಂಡವರನ್ನು ಹುಡುಕಿ ಅಭ್ಯಾಸವಿದ್ದ ಕಚೇರಿಗೆ ಎದುರಿಗೇ ಬಂದು ನಿಂತವಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲವಂತೆ. ಒಂದು ಕೌಂಟರಿನಿಂದ ಇನ್ನೊಂದಕ್ಕೆ ಅಟ್ಟಿ, ದಂಡ ಕಟ್ಟಿಸಿಕೊಂಡು, ಹೊರಡಲು ಅನುಮತಿಯ ಕಾಗದ ಕೊಟ್ಟು ಕಳಿಸಿದರು.

ಈ ಸಂಗತಿಯನ್ನು ಆಸ್ಟ್ರೇಲಿಯಾಕ್ಕೆ ಹೇಳುವುದೋ ಬೇಡವೋ? ಅರ್ಜಿಯಲ್ಲಿ ಪ್ರಶ್ನೆ ನೇರವಾಗಿಯೇ ಇತ್ತು: ಯಾವುದೇ ದೇಶದಲ್ಲಿ ವೀಸಾ ಅವಧಿ ಮೀರಿ ಉಳಿದದ್ದುಂಟೆ? ನಾವು ಅಡ್ಯಾರಿನಲ್ಲಿ ಪಾತ್ರೆ ಅಂಗಡಿಯೊಂದರ ಮೇಲಿದ್ದ ಕನ್ಸಲ್ಟೆಂಟ್ ಬಳಿ ಹೋದೆವು. ಟೈ ಕಟ್ಟಿದ ಹುಡುಗ. ಗೋಡೆಯ ತುಂಬ ಕಾಂಗರೂಗಳು. ಆತ ಮೌಸು ಹಿಡಿದು, ‘ಇಂಗ ನೋ ಪೋಡುಂಗ ಮೇಡಂ’ ಎಂದು, ನಮಗಾಗಿ ತಾನೇ ‘ಇಲ್ಲ’ ಎಂದು ಒತ್ತಲು ಹೊರಟ.

‘ಆದರೆ ಉಳಿದಿದ್ದೆನಲ್ಲ?’ ಎಂದು ಇವಳು ತಮಿಳಿನಲ್ಲೇ ಕೇಳಿದಳು.

ಹುಡುಗ ನನ್ನ ಕಡೆ ತಿರುಗಿದ. ಮನೆಯ ಹಿರಿಯರು ಬುದ್ಧಿ ಹೇಳಲಿ ಎಂಬ ನೋಟ. ‘ಸಾರ್, ಮಲೇಶಿಯಾದವರಿಗೂ ಆಸ್ಟ್ರೇಲಿಯಾದವರಿಗೂ ಮಾತುಕತೆಯೇ ಇಲ್ಲ. ಯಾರುಕ್ಕುಂ ತೆರಿಯಾದು. ಯಾರಿಗೂ ಗೊತ್ತಾಗೋದೇ ಇಲ್ಲ.’

‘ಅವರಿಬ್ಬರಿಗೆ ಮಾತುಕತೆ ಇಲ್ಲದಿದ್ದರೆ ಬೇಡ ಬಿಡಿ,’ ಎಂದಳು ಅವಳು. ‘ಇಬ್ಬರ ಹತ್ತಿರವೂ ಮಾತಾಡುವವಳು ನಾನೊಬ್ಬಳು ಇದ್ದೇನಲ್ಲ.’ ಹೇಳಿದವಳೇ ಎದ್ದು ಫೈಲು ಎತ್ತಿಕೊಂಡಳು. ಹುಡುಗ ತನ್ನ ವೃತ್ತಿಯಲ್ಲಿ ಇಂಥ ತೊಂದರೆಯನ್ನು ಕಂಡಿರಲಿಲ್ಲವೆಂದು ಕಾಣುತ್ತದೆ. ನಾವು ಮೆಟ್ಟಿಲಿಳಿಯುವ ತನಕ ಕೈಯನ್ನು ಮೌಸಿನ ಮೇಲೆ ಹಾಗೇ ಇಟ್ಟುಕೊಂಡು ಕುಳಿತಿದ್ದ.

ಬಸ್‌ಸ್ಟಾಪಿನಲ್ಲಿ ನನ್ನ ಅನುಭವದ ಸಾರವನ್ನು ಅವಳಿಗೆ ಹೇಳಿದೆ. ಸುಳ್ಳು ಹೇಳುವವನು ಒಂದು ಸಾಲಿನಲ್ಲಿ ಮುಗಿಸುತ್ತಾನೆ, ಹಿಡಿಯುವುದು ಕಷ್ಟ. ನಿಜ ಹೇಳುವವನು ಮೂರು ಪುಟ ಬರೆದು ಎರಡನೇ ಪುಟದಲ್ಲಿ ಸಿಕ್ಕಿಬೀಳುತ್ತಾನೆ.

‘ಹಂಗಾದ್ರೆ ಒಂದೇ ಪುಟ ಬರೆಯೋಣ,’ ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಅರ್ಜಿಯನ್ನು ನಾವೇ ತುಂಬಿದೆವು. ಪ್ರಶ್ನೆಗೆ ‘ಹೌದು’. ಕೆಳಗೆ ನಡೆದದ್ದರ ವಿವರ. ತಾನಾಗಿಯೇ ಹೊರಟು ಬಂದೆ, ಮಲೇಶಿಯಾಕ್ಕೆ ಮರಳುವ ಉದ್ದೇಶ ಇಲ್ಲ ಎಂಬ ಹೇಳಿಕೆ. ಜೊತೆಗೆ ಅಲ್ಲಿಂದ ಹೊರಡುವಾಗ ಕೊಟ್ಟ ಕಾಗದದ ಪ್ರತಿಯನ್ನು ಅವಳಾಗಿಯೇ ಲಗತ್ತಿಸಿದಳು. ಅದು ಮಲಯ ಭಾಷೆಯಲ್ಲಿತ್ತು, ಕೆಳಗೆ ಕೈಬರಹದ ಎರಡು ಸಾಲು. ಭಾಷಾಂತರಕಾರರೊಬ್ಬರಿಂದ ಇಂಗ್ಲಿಷಿಗೆ ಮಾಡಿಸಿ, ಮೊಹರು ಹಾಕಿಸಿ, ಲಕೋಟೆಯಲ್ಲಿ ಬಂದದ್ದನ್ನು ಹಾಗೇ ಸ್ಕ್ಯಾನ್ ಮಾಡಿ ಏರಿಸಿದೆವು. ಮೊಹರು ನೇರವಾಗಿ ಬಿದ್ದಿದೆಯೇ ಎಂದು ನಾನು ನೋಡಿದೆ. ಓದಲು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ವಾರ್ಡಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಅವಳ ಇ-ಮೇಲು ನನ್ನ ಫೋನಿಗೂ ಬರುವಂತೆ ಮಾಡಿದ್ದಳು. ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಕರಿಬೇವು ಬಿಡಿಸುತ್ತಿದ್ದಾಗ, ಆಸ್ಟ್ರೇಲಿಯಾದ ವೀಸಾ ಕಚೇರಿಯ ಕಾಗದ ಬಂತು. ಬಹಳ ವಿನಯದ ಕಾಗದ. ನನಗೆ ಅಲ್ಲೇ ಅನುಮಾನ ಬಂತು. ಕ್ಲೇಮು ತಿರಸ್ಕರಿಸುವ ಮೊದಲು ನಾವೂ ಅಷ್ಟೇ ವಿನಯದಿಂದ ಬರೆಯುತ್ತಿದ್ದೆವು. ಸಾರಾಂಶ: ನಿಮಗೆ ಮಲೇಶಿಯಾಕ್ಕೆ ಮರಳುವ ಉದ್ದೇಶ ಇಲ್ಲವೆಂದು ನೀವು ಹೇಳಿದ್ದೀರಿ. ಆದರೆ ನೀವೇ ಕೊಟ್ಟ ಕಾಗದದಲ್ಲಿ, ಹೊರಡುವಾಗ ‘ತಾನು ಮರಳಿ ಬರುವುದಾಗಿ ಈಕೆ ತಿಳಿಸಿದ್ದಾಳೆ, ಮತ್ತೆ ಕೇಳಿದಾಗ ತಲೆಯಾಡಿಸಿ ದೃಢಪಡಿಸಿದ್ದಾಳೆ’ ಎಂದು ಅಧಿಕಾರಿ ದಾಖಲಿಸಿದ್ದಾರೆ. ಎರಡರಲ್ಲಿ ಒಂದು ಸುಳ್ಳು. ಗಡುವಿನೊಳಗೆ ವಿವರಣೆ ಕೊಡಿ. ಸುಳ್ಳು ಮಾಹಿತಿ ಎಂದು ತೀರ್ಮಾನವಾದರೆ ಮೂರು ವರ್ಷ ನಿಮ್ಮ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ.

ಮೂರು ವರ್ಷ ಎಂದರೆ ಅವಳ ಮಟ್ಟಿಗೆ ಎಂದೆಂದಿಗೂ ಇಲ್ಲ ಎಂದರ್ಥ. ವಯಸ್ಸು ದಾಟಿಹೋಗುತ್ತದೆ.

ಡ್ಯೂಟಿ ಮುಗಿಸಿ ಬಂದವಳಿಗೆ ತೋರಿಸಿದೆ. ಚಪ್ಪಲಿ ಬಿಡದೆ ನಿಂತಲ್ಲೇ ಓದಿದಳು.

‘ನಾನು ಹಂಗೆ ಹೇಳೇ ಇಲ್ಲವಲ್ಲ!’ ಎಂದಳು. ಆಮೇಲೆ, ‘ಅಯ್ಯೋ ರಾಮ, ಹೇಳಿದೀನಿ,’ ಎಂದು ಕುರ್ಚಿಯ ಮೇಲೆ ಕೂತಳು.

ನಡೆದದ್ದು ಹೀಗೆ. ಆ ಕಚೇರಿಯ ಕೊನೆಯ ಕೌಂಟರಿನಲ್ಲಿ ಒಬ್ಬ ಹೆಂಗಸು ಅಧಿಕಾರಿ. ಇಡೀ ದಿನ ನಿಂತೇ ಇದ್ದ ಇವಳಿಗೆ ಕೂರಲು ಕುರ್ಚಿ ಹಾಕಿಸಿದವಳು ಅವಳೊಬ್ಬಳೇ. ಮೊಹರು ಒತ್ತಿ, ಪಾಸ್‌ಪೋರ್ಟು ಕೈಗಿತ್ತು, ಮುಗಿಯಿತು, ನೀವಿನ್ನು ಹೊರಡಬಹುದು ಎಂದಳು. ಇವಳು ಎದ್ದು ನಿಂತು, ಮರ್ಯಾದೆಯಾಗಿ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹೇಳಬೇಕಾದಂತೆಯೇ ಹೇಳಿದಳು: ‘ಹೋಗಿ ಬರ್ತೀನಿ ಮೇಡಂ.’ ಇಂಗ್ಲಿಷಿನಲ್ಲಿ. ಆಯಮ್ಮ ತಲೆಯೆತ್ತಿ, ‘ಮತ್ತೆ ಬರುತ್ತೀಯಾ?’ ಎಂದು ಕೇಳಿದಳು. ಅದಕ್ಕೆ ಇವಳು ತಲೆಯಾಡಿಸಿದಳು. ಮೇಲಕ್ಕೂ ಅಲ್ಲ, ಪಕ್ಕಕ್ಕೂ ಅಲ್ಲ, ಸ್ಪ್ರಿಂಗಿನ ಬೊಂಬೆಯ ಹಾಗೆ ತೂಗುವ ನಮ್ಮ ಆ ತಲೆಯಾಟ. ಅದರ ಅರ್ಥವನ್ನು ಇದುವರೆಗೆ ಯಾವ ಸರ್ಕಾರವೂ ಅಧಿಕೃತವಾಗಿ ಪ್ರಕಟಿಸಿಲ್ಲ. ಆ ಅಧಿಕಾರಿ ತನಗೆ ತಿಳಿದಂತೆ ಬರೆದುಕೊಂಡಳು. ಅವಳದ್ದೇನು ತಪ್ಪು? ದಂಡ ತೆತ್ತು ಹೊರಹೋಗುತ್ತಿರುವ ವ್ಯಕ್ತಿ ಬಾಗಿಲಲ್ಲಿ ನಿಂತು ಮತ್ತೆ ಬರುತ್ತೇನೆ ಎಂದರೆ, ಕ್ಲೇಮು ವಿಭಾಗದಲ್ಲಿ ನಾವಾದರೂ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆವು.

ಹೆಂಡತಿ ಮೊದಲು ನಕ್ಕಳು, ಆಮೇಲೆ ಅವಳಿಗೆ ಕೋಪ ಬಂತು. ‘ಇನ್ನೇನು ಹೇಳ್ಬೇಕಿತ್ತು? ಹೋಗ್ತೀನಿ ಅನ್ಬೇಕಿತ್ತಾ? ಹೋಗ್ತೀನಿ ಅಂತ ಯಾರಾದ್ರೂ ಹೇಳ್ತಾರಾ?’

ಈ ವಿಷಯದಲ್ಲಿ ನಮ್ಮ ಮನೆಯ ಶಾಸನ ಕಠೋರವಾದದ್ದು. ನಾನು ಹುಟ್ಟಿದ್ದು ಬೆಳೆದದ್ದು ಚೆನ್ನೈಯಲ್ಲೇ. ನನ್ನ ಕನ್ನಡವನ್ನು ಹೆಂಡತಿ ‘ಮೌಂಟ್ ರೋಡ್ ಕನ್ನಡ’ ಎನ್ನುತ್ತಾಳೆ. ಅದರಲ್ಲಿ ಎಷ್ಟು ತಮಿಳು ಬೆರೆತರೂ ಕ್ಷಮಿಸುತ್ತಾಳೆ. ಆದರೆ ಒಮ್ಮೆ ಕೊತ್ತಂಬರಿ ಸೊಪ್ಪು ತರಲು ಹೊರಟಾಗ ಮೈಮರೆತು ‘ಹೋಗ್ತೀನಿ’ ಎಂದುಬಿಟ್ಟಿದ್ದಕ್ಕೆ ಬೀದಿಯಿಂದ ಎರಡು ಮಹಡಿ ವಾಪಸು ಹತ್ತಿಸಿ, ‘ಬರ್ತೀನಿ’ ಎನ್ನಿಸಿ, ಮತ್ತೆ ಇಳಿಸಿದ್ದಾಳೆ. ತಮಿಳರಲ್ಲೂ ಇದೇ ಪದ್ಧತಿ, ‘ಪೋಯಿಟ್ಟು ವರೇನ್’. ಬರುತ್ತೇನೆ ಎಂದು ಹೇಳದೆಯೇ ಹೋಗುವವರು ಸತ್ತವರು ಮಾತ್ರ.

ಆ ಸಂಜೆಯೇ ಕರಡು ಬರೆಯಲು ಕೂತೆ. ಮೊದಲ ಉಪಾಯ ನನಗೆ ಸುಲಭವಾಗಿ ಹೊಳೆಯಿತು. ‘ಭಾಷಾಂತರದ ದೋಷ ಅಂತ ಬರೆದ್ಬಿಡೋಣ. ಮಲಯದ ಮೂಲ ಯಾರು ನೋಡ್ತಾರೆ?’

‘ಆ ಮನುಷ್ಯ ಸರಿಯಾಗೇ ಮಾಡಿದಾನೆ ಚಿಕ್ಕಪ್ಪ. ಅವನ ಹೊಟ್ಟೆಪಾಡು ಅದು. ನಾನು ಹೇಳಿದ್ದೇ ಹಂಗೆ.’

ಎರಡನೆಯ ಉಪಾಯ ಘನವಾದದ್ದು. ಮೂರು ಪುಟ ಬರೆದೆ. ದ್ರಾವಿಡ ಭಾಷೆಗಳಲ್ಲಿ ವಿದಾಯದ ಸ್ವರೂಪ, ಅಮಂಗಳದ ಕಲ್ಪನೆ, ಅಪರಾಧ ಉದ್ದೇಶದ ಅಭಾವ. ಮಧ್ಯೆ ಮಧ್ಯೆ ‘ವಿನಮ್ರವಾಗಿ ನಿವೇದಿಸಿಕೊಳ್ಳುವುದೇನೆಂದರೆ’ ಎಂಬುದರ ಇಂಗ್ಲಿಷು. ಸದರಿ ಪದಪ್ರಯೋಗವು ಅರ್ಥರಹಿತವಾದ ಕೇವಲ ರೂಢಿಮಾತು ಎಂದು ಕೊನೆಗೆ ಸಾರಿದೆ. ಇಷ್ಟು ಚೆನ್ನಾಗಿ ನಾನು ಯಾರ ಕ್ಲೇಮನ್ನೂ ತಿರಸ್ಕರಿಸಿದ್ದಿಲ್ಲ.

ಅವಳು ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು, ರೋಗಿಯ ಚಾರ್ಟು ಓದುವಂತೆ ಬೆರಳಿಟ್ಟು ಓದಿದಳು. ಕೊನೆಯ ಪುಟದಲ್ಲಿ ಬೆರಳು ನಿಂತಿತು.

‘ಅರ್ಥರಹಿತ ಅಂತ ಬರೀಬೇಡಿ.’

‘ಅದೇ ಅಲ್ಲವೇನಮ್ಮ ನಮ್ಮ ವಾದ? ಅರ್ಥ ಇಲ್ಲ ಅಂದ್ರೇನೇ ನೀನು ಬಚಾವು.’

‘ಅರ್ಥ ಇದೆ ಚಿಕ್ಕಪ್ಪ. ಮತ್ತೆ ಅಲ್ಲಿಗೆ ಹೋಗೋ ಉದ್ದೇಶ ಇರ್ಲಿಲ್ಲ, ಅದು ನಿಜ. ಆದ್ರೆ ಸುಮ್ನೆ ಬಾಯಿಗೆ ಬಂದಿದ್ದಲ್ಲ ಅದು. ಏಜೆಂಟನ ಆಫೀಸಿಂದ ಎದ್ದು ಬರ್ಬೇಕಾದ್ರೆ ಅವನಿಗೆ ಬರ್ತೀನಿ ಅಂದ್ನಾ? ಇಲ್ಲ. ತಿರುಗೀನೂ ನೋಡ್ಲಿಲ್ಲ. ಆಯಮ್ಮ ಕುರ್ಚಿ ಹಾಕಿಸಿದ್ರು. ಅವರಿಗೆ ಹೇಳ್ದೆ.’

‘ಹಾಗಾದ್ರೆ ಅದರ ಅರ್ಥ ಏನು ಅಂತ ಬರೀಲಿ?’ ಎಂದು ಪೆನ್ನು ಹಿಡಿದೇ ಕೇಳಿದೆ. ನನ್ನ ಧ್ವನಿಯಲ್ಲಿ ಹಳೆಯ ಕಚೇರಿ ಬಂದಿತ್ತು.

ಅವಳು ಸ್ವಲ್ಪ ಯೋಚಿಸಿದಳು. ‘ಮುನಿಸ್ಕೊಂಡು ಹೋಗ್ತಿಲ್ಲ ಅಂತ. ಅಷ್ಟೇ.’

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ‘ಅದನ್ನೇ ಬರಿ,’ ಎಂದಳು. ‘ಇವರ ಮೂರು ಪುಟ ಓದಿದ್ರೆ ಆಸ್ಟ್ರೇಲಿಯಾದವರು ಮಲೇಶಿಯಾಕ್ಕೇ ಕಳಿಸ್ತಾರೆ.’

ನಾನು ವೃತ್ತಿಪರ ಅಪಾಯವನ್ನು ತಿಳಿಸದೆ ಇರಲಿಲ್ಲ. ಅರ್ಥವಿಲ್ಲದ ಮಾತು ಎಂದರೆ ಕಡತ ಮುಚ್ಚುತ್ತಾರೆ. ಅರ್ಥವಿದೆ ಎಂದು ನೀವೇ ಒಪ್ಪಿಕೊಂಡರೆ ಆ ಅರ್ಥವನ್ನು ನಿರ್ಧರಿಸುವ ಹಕ್ಕು ಅವರದಾಗುತ್ತದೆ. ಅವಳು ಗಮನವಿಟ್ಟು ಕೇಳಿದಳು. ಕೇಳಿದ ಮೇಲೆ, ‘ಒಂದು ಸುಳ್ಳು ಸೇರಿಸಿ ನಿಜ ಅಂತ ಸಾಬೀತು ಮಾಡೋದು ನಂಗೆ ಬರಲ್ಲ ಚಿಕ್ಕಪ್ಪ’ ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಬರೆಯುವ ಮೊದಲು ‘ಮೂರು ವರ್ಷ’ ಎಂದಿದ್ದ ಸಾಲನ್ನು ಅವಳು ಫೋನಿನಲ್ಲಿ ಮತ್ತೆ ಮತ್ತೆ ತೆಗೆದು ಓದಿದ್ದನ್ನು ನೋಡಿದೆ. ಅಲ್ಲಿಯವರೆಗೆ ಅವಳಿಗೆ ಭಯವೇ ಇಲ್ಲವೆಂದು ತಿಳಿದಿದ್ದೆ. ಭಯವಿಲ್ಲದವರ ಧೈರ್ಯ ದೊಡ್ಡದಲ್ಲ, ಅಂಥವರು ನಮ್ಮ ರಂಗನಾಥನ್ ಸ್ಟ್ರೀಟಿನ ಬಟ್ಟೆ ಅಂಗಡಿಗಳ ನೂಕುನುಗ್ಗಲಿನಲ್ಲಿ ಹಬ್ಬದ ಮುಂಚಿನ ವಾರ ಬೇಕಾದಷ್ಟು ಸಿಗುತ್ತಾರೆ. ಎಲ್ಲ ಗೊತ್ತಿದ್ದು, ಹೆದರಿಕೊಂಡೇ, ನೆಟ್ಟಗೆ ಕೂತು ಬರೆಯುತ್ತಿದ್ದ ಅವಳನ್ನು ನೋಡಿ ನನಗೆ ಎದ್ದು ನಿಲ್ಲಬೇಕೆನಿಸಿತು. ಸೊಂಟದ ಕಾರಣದಿಂದ ಕೂತೇ ಇದ್ದೆ.

ಅವಳು ಬರೆದದ್ದು ಸರಳ ಇಂಗ್ಲಿಷು. ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ‘ನಾನು ಆ ಮಾತನ್ನು ಹೇಳಿದ್ದು ನಿಜ. ನಮ್ಮ ಭಾಷೆಯಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ. ಹಲ್ಲು ಕೀಳಿಸಿಕೊಂಡವರು ಹಲ್ಲಿನ ಡಾಕ್ಟರಿಗೂ ಹಾಗೆಯೇ ಹೇಳುತ್ತಾರೆ. ಮತ್ತೆ ಬಂದು ಇನ್ನೊಂದು ಹಲ್ಲು ಕೀಳಿಸಿಕೊಳ್ಳುವ ಆಸೆ ಎಂದು ಅದರ ಅರ್ಥವಲ್ಲ. ನಿಮ್ಮ ಮೇಲೆ ಮುನಿಸು ಇಟ್ಟುಕೊಂಡು ಹೋಗುತ್ತಿಲ್ಲ ಎಂದು ಅರ್ಥ. ಆ ಅಧಿಕಾರಿ ನನ್ನನ್ನು ಚೆನ್ನಾಗಿ ನಡೆಸಿಕೊಂಡರು, ಆದ್ದರಿಂದ ಹೇಳಿದೆ. ಅವರು ಬರೆದುಕೊಂಡದ್ದು ತಪ್ಪಲ್ಲ. ಆದರೆ ಮಲೇಶಿಯಾಕ್ಕೆ ಮರಳುವ ಉದ್ದೇಶ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.’

ನನ್ನ ಮೂರು ಪುಟಗಳಿಂದ ‘ಇದರೊಂದಿಗೆ ಲಗತ್ತಿಸಿದೆ’ ಎಂಬ ಒಂದು ವಾಕ್ಯವನ್ನು ದೊಡ್ಡ ಮನಸ್ಸು ಮಾಡಿ ಇಟ್ಟುಕೊಂಡಳು.

ಆದರೆ ಲಗತ್ತಿಸುವುದೇನನ್ನು? ರೂಢಿಗೆ ಸಾಕ್ಷಿ ಎಲ್ಲಿಂದ ತರುವುದು? ನಾನು ಸಂಬಂಧಿಕ, ನನ್ನ ಮಾತು ನಡೆಯದು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ನೋಟರಿ ಇದ್ದಾರೆ. ತಮಿಳರು, ನನಗಿಂತ ಹಿರಿಯರು, ನಗುವುದನ್ನು ವೃತ್ತಿಗೆ ವಿರುದ್ಧವೆಂದು ಬಿಟ್ಟವರು. ಅವಳ ಹೇಳಿಕೆಗೆ ಮೊಹರು ಹಾಕಿಸಲು ಹೋದೆವು. ಈ ಪದ್ಧತಿಯ ಬಗ್ಗೆ ತಾವೂ ಎರಡು ಸಾಲು ಬರೆದುಕೊಡಬಹುದೇ ಎಂದು ಕೇಳಿದೆ.

‘ನಾನು ಬೇರೆಯವರ ಮಾತಿಗೆ ಸಹಿ ಹಾಕುವವನು ಸಾರ್, ನಾನೇ ಮಾತಾಡುವವನಲ್ಲ,’ ಎಂದರು. ಮೊಹರು ಒತ್ತಿದರು, ಕಾಗದ ಕೊಟ್ಟರು, ಕನ್ನಡಕ ತೆಗೆದರು. ನಾವು ಎದ್ದೆವು. ಅವರೂ ಅರ್ಧ ಎದ್ದು, ಕೈಮುಗಿದು, ‘ಸರಿ ಮಾ, ಪೋಯಿಟ್ಟು ವಾಂಗೊ’ ಎಂದರು. ಹೋಗಿ ಬನ್ನಿ ಎಂದು.

ಇವಳು ಹೊಸ್ತಿಲಲ್ಲಿ ನಿಂತು ತಿರುಗಿದಳು. ‘ಸಾರ್, ನಾವು ಯಾವಾಗ ಮತ್ತೆ ಬರಬೇಕು?’

‘ಯಾಕೆ? ಕೆಲಸ ಮುಗಿಯಿತಲ್ಲ.’

‘ಈಗ ಬನ್ನಿ ಅಂದಿರಲ್ಲ.’

ಅವರು ಅವಳನ್ನೇ ನೋಡಿದರು. ಎಷ್ಟೋ ವರ್ಷಗಳಿಂದ ಬಳಸದೆ ಬಿಟ್ಟಿದ್ದ ಆ ನಗು ಮೀಸೆಯ ಒಂದು ಮೂಲೆಯಿಂದ ಹೊರಟು ಇನ್ನೊಂದು ಮೂಲೆ ತಲುಪಲು ತುಸು ಹೊತ್ತು ಹಿಡಿಯಿತು. ‘ಉಕ್ಕಾರುಂಗೊ’ ಎಂದು ನಮ್ಮನ್ನು ಮತ್ತೆ ಕೂರಿಸಿ, ತಮ್ಮ ಹೆಸರಿನ ಕಾಗದದ ಮೇಲೆ ತಾವೇ ಬರೆದರು: ತಮ್ಮ ಕಚೇರಿಗೆ ಬರುವ ಕಕ್ಷಿದಾರರೆಲ್ಲ ಹೊರಡುವಾಗ ‘ವರೇನ್’, ಅಂದರೆ ಬರುತ್ತೇನೆ, ಎಂದೇ ಹೇಳುತ್ತಾರೆ, ಅವರಲ್ಲಿ ಬಹುಪಾಲು ಜನ ಮತ್ತೆ ಬಂದದ್ದಿಲ್ಲ, ಅದನ್ನು ತಾವು ವಚನಭಂಗವೆಂದು ಎಂದೂ ಪರಿಗಣಿಸಿಲ್ಲ. ನಾನು ಓದಿದ ಸಾಕ್ಷ್ಯಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ನೆನಪಿಲ್ಲ.

ಎರಡೂ ಕಾಗದ ಹೋದವು. ಆಮೇಲೆ ಕಾಯುವುದು. ಅವಳು ಯಾವತ್ತಿನ ಹಾಗೆ ಕೆಲಸಕ್ಕೆ ಹೋಗುತ್ತಿದ್ದಳು, ಬಂದು ಸ್ನಾನ ಮಾಡಿ ಉಂಡು ಮಲಗುತ್ತಿದ್ದಳು, ನನ್ನ ರಕ್ತದೊತ್ತಡ ನೋಡಿ ಬೈಯುತ್ತಿದ್ದಳು. ಕಾಗದದ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಫೋನು ತೆಗೆದು ನೋಡುತ್ತಿದ್ದವನು ನಾನು. ಒಮ್ಮೆ ಅವಳೇ ಸಮಾಧಾನ ಹೇಳಿದಳು: ‘ಆಗ್ಲಿಲ್ಲ ಅಂದ್ರೆ ಊರಾಚೆ ಮಾಧವರಂ ಹತ್ರ ಒಂದು ಸಣ್ಣ ಮನೆ ನೋಡ್ತೀನಿ ಚಿಕ್ಕಪ್ಪ. ನೀವು ಮುಖ ಹಂಗೆ ಮಾಡ್ಕೊಬೇಡಿ.’ ಆ ಕಡೆಯ ಬಾಡಿಗೆಯನ್ನು ಅವಳು ಆಗಲೇ ವಿಚಾರಿಸಿಯೂ ಇದ್ದಳೆಂದು ಹೆಂಡತಿಯಿಂದ ಆಮೇಲೆ ತಿಳಿಯಿತು. ಇಲ್ಲ ಎನ್ನಿಸಿಕೊಳ್ಳಲು ಅಷ್ಟು ಅಚ್ಚುಕಟ್ಟಾಗಿ ತಯಾರಾದವರನ್ನು ನಾನು ಕಂಡಿಲ್ಲ.

ಉತ್ತರ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ರಾತ್ರಿ ಪಾಳಿ ಮುಗಿಸಿ ಬಂದು ಅವಳು ಮಲಗಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಮೊದಲ ಸಾಲಿನಲ್ಲೇ ಮಂಜೂರಾಗಿದೆ ಎಂದಿತ್ತು. ನಂಬದಿರುವುದು ನನ್ನ ವೃತ್ತಿಯಾದ್ದರಿಂದ ಮೂರು ಸಲ ಓದಿದೆ. ಆಮೇಲೆ ಕೋಣೆಯ ಬಾಗಿಲು ತಟ್ಟಲು ಹೋದೆ. ಹೆಂಡತಿ ಅಡ್ಡ ಬಂದಳು.

‘ಎಬ್ಬಿಸ್ಬೇಡಿ ರೀ. ರಾತ್ರಿಯೆಲ್ಲ ನಿಂತಿದಾಳೆ.’

‘ಲೇ, ಆಸ್ಟ್ರೇಲಿಯಾ ಬಂದಿದೆ ಕಣೇ!’

‘ಆಸ್ಟ್ರೇಲಿಯಾ ಎಲ್ಲೂ ಓಡಿಹೋಗಲ್ಲ. ಮಲಗ್ಲಿ.’

ಹೀಗೆ ನಾವಿಬ್ಬರೂ ಆ ಮನೆ ಕಂಡ ಅತಿ ದೊಡ್ಡ ಸುದ್ದಿಯನ್ನು ಬಾಯಲ್ಲಿ ಇಟ್ಟುಕೊಂಡು, ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ಕೂತೆವು. ಮಿಕ್ಸಿ ಹಾಕಲಿಲ್ಲ, ಅಂದು ಚಟ್ನಿ ಇಲ್ಲ. ಕೆಳಗೆ ಸೊಪ್ಪಿನವಳು ಕೂಗಿದಾಗ ಹೆಂಡತಿ ಬಾಲ್ಕನಿಗೆ ಓಡಿ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಸೊಪ್ಪಿನವಳು ಯಾರೋ ಹೋಗಿಬಿಟ್ಟರೆಂದು ತಿಳಿದು ತಲೆಯ ಮೇಲೆ ಕೈಯಿಟ್ಟುಕೊಂಡಳು. ನಾನು ಷರತ್ತುಗಳನ್ನೆಲ್ಲ ಓದಿ ಹೆಂಡತಿಗೆ ಪಿಸುದನಿಯಲ್ಲಿ ವರದಿ ಒಪ್ಪಿಸಿದೆ. ಕಾಯಂ ಆಗಿ ಇರಬಹುದು, ಆದರೆ ಹೊರಗೆ ಹೋಗಿ ಬರಲು ಐದು ವರ್ಷ ಮಾತ್ರ ಅಪ್ಪಣೆ, ಆಮೇಲೆ ಅದನ್ನು ಮತ್ತೆ ಕೇಳಿ ಪಡೆಯಬೇಕು. ಒಂದು ದೇಶ ಇವಳು ಹೆಚ್ಚು ಉಳಿದಳೆಂದು ದಂಡ ಹಾಕಿತ್ತು. ಈ ದೇಶ ನೀನು ಇದ್ದರೆ ಸಾಕು, ಹೋಗಿ ಬರುವುದಕ್ಕೆ ಮಾತ್ರ ಲೆಕ್ಕ ಎನ್ನುತ್ತಿತ್ತು. ‘ಎಷ್ಟು ದಿನ ಇರ್ತೀಯಾ’ ಎಂದು ಮಾತ್ರ ಆ ಕಾಗದದಲ್ಲಿ ಎಲ್ಲೂ ಕೇಳಿರಲಿಲ್ಲ. ಅದನ್ನು ಎರಡು ಸಲ ಹೇಳಿದೆ. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ಎದ್ದಾಗ ನಾವಿಬ್ಬರೂ ಏನೂ ಆಗದವರಂತೆ ಇರಬೇಕು, ಮೊದಲು ಕಾಫಿ ಕುಡಿಯಲಿ, ಆಮೇಲೆ ಹೇಳುವುದು ಎಂದು ಆಜ್ಞೆ ಮಾಡಿದಳು.

ಮಧ್ಯಾಹ್ನದ ನಂತರ ಬಾಗಿಲು ತೆರೆಯಿತು. ಅವಳು ಕೂದಲು ಗಂಟು ಹಾಕಿಕೊಳ್ಳುತ್ತಾ ಬಂದು ಕೂತಳು. ಹೆಂಡತಿ ಮೂವರಿಗೂ ಕಾಫಿ ತಂದಿಟ್ಟಳು. ನಾನು ದಿನಪತ್ರಿಕೆಯನ್ನು ಮುಖಕ್ಕೆ ಹಿಡಿದು, ಏನೂ ಆಗದವನಂತೆ, ಕಾಫಿಯನ್ನು ಗಟಗಟ ಕುಡಿದು ಮುಗಿಸಿದೆ. ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಚಿಕ್ಕಮ್ಮನ ಮುಖ ನೋಡಿದಳು. ನನ್ನ ಪತ್ರಿಕೆಯ ಕಡೆ ನೋಡಿದಳು.

‘ಬಂತಾ?’ ಎಂದಳು.

‘ಏನು ಬಂತಾ?’ ಎಂದೆ.

‘ಚಿಕ್ಕಪ್ಪ, ಕಾಫಿಗೆ ಚಿಕ್ಕಮ್ಮ ಸಕ್ಕರೇನೇ ಹಾಕಿಲ್ಲ. ನೀವು ಒಂದು ಲೋಟ ಪೂರ್ತಿ ಕುಡಿದಿದೀರಿ.’